ಅರ್ಜೆಂಟಣ್ಣನ ಯಥಾಸ್ಥಿತಿ

ಕೋರ್ಟಿನ ಕಾರಿಡಾರಿನಲ್ಲಿ ಅವನನ್ನು ಎಲ್ಲರೂ ಅರ್ಜೆಂಟಣ್ಣ ಎಂದೇ ಕರೆಯುತ್ತಿದ್ದರು. ಹಾಗೆಂದು ಆತ ಓಡುವ ಆಸಾಮಿಯೇನಲ್ಲ. ಅರವತ್ತರ ಹತ್ತಿರದ ಪ್ರಾಯ, ಹಿಮ್ಮಡಿ ನೋವು, ಚಪ್ಪಲಿ ಎಳೆದುಕೊಂಡು ನಡೆಯುವ ಚಾಳಿ. ಅವಸರದಲ್ಲಿರುತ್ತಿದ್ದವರು ಬೇರೆಯವರು. ಅವರ ಅವಸರವನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುವುದು ಇವನ ಹೊಟ್ಟೆಪಾಡು. ವಕೀಲರ ಗುಮಾಸ್ತ, ಅದರಲ್ಲೂ ಟೆಂಡರ್ ಕೇಸುಗಳ ಗುಮಾಸ್ತ.

ಟೆಂಡರ್ ಕೇಸು ಎಂದರೆ ಹೀಗೆ. ರಸ್ತೆಗೆ ಡಾಂಬರು ಇರಲಿ, ಶಾಲೆಗೆ ಬೆಂಚು ಇರಲಿ, ಬಸ್ ನಿಲ್ದಾಣದ ಶೌಚಾಲಯವೇ ಇರಲಿ, ಸರ್ಕಾರ ಟೆಂಡರ್ ಕರೆಯುತ್ತದೆ, ಒಬ್ಬನಿಗೆ ಸಿಗುತ್ತದೆ. ಸಿಗದವನ ಹೊಟ್ಟೆಯಲ್ಲಿ ಬೆಂಕಿ. ಅವನು ನೇರ ವಕೀಲರ ಮನೆ ಬಾಗಿಲಿಗೆ ಬರುತ್ತಾನೆ. ಗೆದ್ದವನ ಕೈಗೆ ಕಾರ್ಯಾದೇಶ ಸೇರುವುದರೊಳಗೆ ಕೋರ್ಟಿನಿಂದ ತಡೆ ತರಬೇಕು. ಕಾರ್ಯಾದೇಶಕ್ಕೆ ಸಹಿ ಬಿದ್ದು ಕೆಲಸ ಶುರುವಾಯಿತೋ, ಆಮೇಲೆ ಅರ್ಜಿ ಹಾಕುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆದ್ದರಿಂದ ಪ್ರತಿಯೊಂದೂ ತುರ್ತು, ಪ್ರತಿಯೊಂದೂ ಇವತ್ತೇ ಆಗಬೇಕು. ಬೆಳಿಗ್ಗೆ ಅರ್ಜಿ ಸಲ್ಲಿಸಿ, ಪರಿಶೀಲನೆ ಮುಗಿಸಿ, ನಂಬರು ಹಾಕಿಸಿ, ಊಟದ ಬಿಡುವಿನೊಳಗೆ ನ್ಯಾಯಾಧೀಶರ ಮುಂದೆ ತರಬಲ್ಲ ಗುಮಾಸ್ತರು ಆ ಕಟ್ಟಡದಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಇವನೇ ಮೊದಲಿಗ.

ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ ಎನ್ನುತ್ತಿದ್ದ ಅವನು. ಯಾರಿಗೆ ಯಾವಾಗ ನಮಸ್ಕಾರ ಹೇಳಬೇಕು, ಯಾರಿಗೆ ಹೇಳಬಾರದು ಎಂದು ಗೊತ್ತಿದ್ದರೆ ಸಾಕು. ಪರಿಶೀಲನೆಯ ಮೇಜಿನಲ್ಲಿ ಕೂರುವ ಅಧಿಕಾರಿಗೆ ಆಕ್ಷೇಪಣೆ ಮೇಷ್ಟ್ರು ಎಂದು ಅಡ್ಡಹೆಸರು. ಪುಟದ ಅಂಚು ಒಂದು ಕೂದಲು ಕಮ್ಮಿಯಿದ್ದರೂ ಅರ್ಜಿ ವಾಪಸು. ಆ ಮನುಷ್ಯನಿಗೆ ಚಹಾ ಕುಡಿಯುವ ಮೊದಲು ಲೋಕವೆಲ್ಲ ತಪ್ಪಾಗಿ ಕಾಣುತ್ತದೆ, ಕುಡಿದ ಮೇಲೆ ಸ್ವಲ್ಪ ತಿದ್ದಿಕೊಂಡಂತೆ ಕಾಣುತ್ತದೆ. ಅರ್ಜೆಂಟಣ್ಣ ಚಹಾ ಮುಗಿಯುವುದನ್ನು ಕಂಬದ ಮರೆಯಲ್ಲಿ ಕಾದು ನಿಂತು ಆಮೇಲೆ ಮುಂದೆ ಹೋಗುತ್ತಿದ್ದ. ಅವನು ಬಂದನೆಂದರೆ ಸಾಲಿನಲ್ಲಿದ್ದವರು ಗೊಣಗುತ್ತಲೇ ಜಾಗ ಬಿಡುತ್ತಿದ್ದರು. ಇಷ್ಟು ವರ್ಷ ಹೀಗೆ ಮಾಡಿ ಮಾಡಿ ಅವನಿಗೆ ಬೇಜಾರು ಹಿಡಿದಿತ್ತು. ಬಿಡೋಣವೆಂದರೆ ಬೇರೆ ಕೆಲಸ ಬರುತ್ತಿರಲಿಲ್ಲ.

ಅವನು ಕೆಲಸ ಮಾಡುತ್ತಿದ್ದುದು ಲಾಯರಮ್ಮನ ಕಚೇರಿಯಲ್ಲಿ. ಮೊದಲು ಆಕೆಯ ಅಪ್ಪನ ಬಳಿ ಇದ್ದ. ಅಪ್ಪ ತೀರಿಕೊಂಡ ಮೇಲೆ ಮಗಳು ಅದೇ ಕುರ್ಚಿಯಲ್ಲಿ ಕೂತಳು, ಇವನು ಅದೇ ಸ್ಟೂಲಿನಲ್ಲಿ ಮುಂದುವರಿದ. ಆಕೆ ಅವನನ್ನು ಅಣ್ಣ ಎನ್ನುತ್ತಿದ್ದಳು, ಇವನು ಮೇಡಂ ಎನ್ನುತ್ತಿದ್ದ. ಎರಡು ಮರದ ಬೀರು, ಒಂದು ಗೊರಗೊರ ಎನ್ನುವ ಪ್ರಿಂಟರು, ಕಿಟಕಿಯಾಚೆ ಕೋರ್ಟಿನ ಹಿಂಗೋಡೆ, ಇಷ್ಟೇ ಆ ಕಚೇರಿ.

ಮನೆಯಲ್ಲಿ ಅವನೂ ಹೆಂಡತಿಯೂ ಇಬ್ಬರೇ. ಹೆಂಡತಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ರೂಮಿನಲ್ಲಿ ಮಲಗಿ ರಕ್ತ ತೊಳೆಸಿಕೊಂಡು ಬರಬೇಕು. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಎರಡು ತಪ್ಪಿದರೆ ಉಸಿರು ಸಿಕ್ಕುವುದಿಲ್ಲ. ನೀರು ಕುಡಿಯಲೂ ಲೆಕ್ಕ. ಬೇಸಿಗೆಯಲ್ಲಿ ಅವಳು ಪುಟ್ಟ ಲೋಟವನ್ನು ಕೈಯಲ್ಲಿ ಹಿಡಿದು, ಕುಡಿಯದೆ, ಸುಮ್ಮನೆ ನೋಡುತ್ತಾ ಕೂತಿರುತ್ತಿದ್ದಳು. ಆಗ ಅವನು ತನ್ನ ನೀರನ್ನು ಅಡುಗೆಮನೆಯಲ್ಲಿ ಕದ್ದು ಕುಡಿದು ಬರುತ್ತಿದ್ದ.

"ಕುಡೀರಿ ಇಲ್ಲೇ, ನಾನೇನು ದೃಷ್ಟಿ ಹಾಕಲ್ಲ," ಎಂದು ಅವಳು ನಗುತ್ತಿದ್ದಳು.

ಅವಳ ಪಕ್ಕದ ಹಾಸಿಗೆ ಒಬ್ಬ ನಿವೃತ್ತ ಬಸ್ ಡ್ರೈವರನದು. ಭಾರಿ ಮೈ, ಭಾರಿ ಮಾತು. ಆ ರೂಮಿನ ಮಿಷನ್ನುಗಳನ್ನೆಲ್ಲ ಅವನು ಹಳೇ ಬಸ್ಸುಗಳಂತೆ ಬೈಯುತ್ತಿದ್ದ. "ಇದು ಏರು ಹತ್ತಲ್ಲ ಅಕ್ಕ, ಕೆಳಗಿಳಿದು ತಳ್ಳಬೇಕು" ಎಂದರೆ ಇವನ ಹೆಂಡತಿಗೆ ಸೂಜಿ ಚುಚ್ಚಿದ್ದು ಮರೆತುಹೋಗುತ್ತಿತ್ತು. ಆ ರೂಮನ್ನು ಆಸ್ಪತ್ರೆ ತಾನೇ ನಡೆಸುತ್ತಿರಲಿಲ್ಲ, ಗುತ್ತಿಗೆಗೆ ಕೊಟ್ಟಿತ್ತು. ಅದು ಅರ್ಜೆಂಟಣ್ಣನಿಗೂ ಗೊತ್ತಿತ್ತು. ಗುತ್ತಿಗೆ ಮುಗಿಯುತ್ತದೆ ಎಂಬುದನ್ನು ಮಾತ್ರ ಅವನು ಎಂದೂ ಯೋಚಿಸಿರಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಕಚೇರಿಗೆ ಒಬ್ಬ ಗುಂಡನೆಯ ಕಕ್ಷಿದಾರ ಬಂದ. ಬೆವರು ಒರೆಸಿಕೊಳ್ಳುತ್ತಾ ಕಾಗದದ ಕಟ್ಟನ್ನು ಲಾಯರಮ್ಮನ ಮೇಜಿನ ಮೇಲೆ ಕುಕ್ಕಿದ.

"ಅನ್ಯಾಯ ಆಗಿದೆ ಮೇಡಂ. ನನಗಿಂತ ಜಾಸ್ತಿ ದರ ಬರೆದವನಿಗೆ ಟೆಂಡರ್ ಕೊಟ್ಟಿದಾರೆ. ನನ್ನ ಕವರು ತೆರೆದೂ ನೋಡಿಲ್ಲ, ಅನುಭವ ಸಾಲದು ಅಂತ ಪಕ್ಕಕ್ಕೆ ಎಸೆದಿದಾರೆ. ನಾಳೆ ಮಧ್ಯಾಹ್ನ ಕಾರ್ಯಾದೇಶ ಕೊಡ್ತಾರಂತೆ."

"ಯಾವುದರ ಟೆಂಡರ್?" ಎಂದು ಕೇಳಿದಳು ಲಾಯರಮ್ಮ.

"ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ರೂಮು."

ಅರ್ಜೆಂಟಣ್ಣ ಪ್ರಿಂಟರಿಗೆ ಹಾಳೆ ತುಂಬುತ್ತಿದ್ದವನು ಹಾಗೇ ನಿಂತುಬಿಟ್ಟ. ಹೇಳಬೇಕು ಎನಿಸಿತು. ಮೇಡಂ, ನನ್ನ ಹೆಂಡತಿ ಅಲ್ಲೇ ಮಲಗೋದು ಎಂದು ಹೇಳಿಬಿಡಬೇಕು ಎನಿಸಿತು. ಆದರೆ ಹೇಳಿ ಏನು ಪ್ರಯೋಜನ? ಬಂದ ಕೇಸನ್ನು ಆಕೆ ಬಿಡುವಂತಿಲ್ಲ, ಬಿಟ್ಟರೆ ಈ ಗುಂಡಣ್ಣ ಎದುರು ಕಚೇರಿಗೆ ಹೋಗುತ್ತಾನೆ, ಅವರೇನು ಬಿಡುತ್ತಾರೆಯೇ? ತನ್ನ ಕೈಯಲ್ಲಿದ್ದರೆ ಏನಾದರೂ ನೋಡಿಕೊಳ್ಳಬಹುದು. ಹಾಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಾಳೆ ತುಂಬಿದ.

ಸಂಜೆ ಲಾಯರಮ್ಮ ಅರ್ಜಿ ಹೇಳುತ್ತಾ ಹೋದಳು, ಇವನು ಟೈಪ್ ಮಾಡುತ್ತಾ ಹೋದ. ಕೊನೆಗೆ ಬಂದದ್ದು ಪ್ರಾರ್ಥನೆ. ಕೋರ್ಟಿನಿಂದ ಏನು ಬೇಕು ಎಂದು ಕೇಳಿಕೊಳ್ಳುವ ಭಾಗಕ್ಕೆ ವಕೀಲರ ಲೋಕದಲ್ಲಿ ಪ್ರಾರ್ಥನೆ ಎಂದೇ ಹೆಸರು.

"ಕಾರ್ಯಾದೇಶಕ್ಕೆ ತಡೆ ಕೊಡಬೇಕು ಅಂತ ಹಾಕಿ ಅಣ್ಣ," ಎಂದಳು ಆಕೆ ಕಣ್ಣು ಉಜ್ಜಿಕೊಳ್ಳುತ್ತಾ.

ಅವನ ಬೆರಳು ನಿಂತಿತು. ಹೊಸ ಕಂಪನಿಗೆ ತಡೆ ಬಿದ್ದರೆ ಹಳೇ ಕಂಪನಿಯವರು ಹೇಗೂ ಇರುತ್ತಾರೆ. ಆದರೆ ಅವರೂ ನಾಳೆ ಕ್ಯಾತೆ ತೆಗೆದರೆ? ಎಲ್ಲರ ಕೈಯನ್ನೂ ಕಟ್ಟುವಂಥ ಒಂದು ಮಾತು ಬೇಕು. ಈಗ ಹೇಗೆ ನಡೆಯುತ್ತಿದೆಯೋ ಹಾಗೇ ನಡೆಯಲಿ ಎನ್ನುವ ಮಾತು. ಅಂಥ ಮಾತು ಅವನ ಚೀಲದಲ್ಲಿ ಸಿದ್ಧವಾಗಿಯೇ ಇತ್ತು.

"ಮೇಡಂ, ಬರೀ ತಡೆ ಯಾಕೆ? ಎಲ್ಲ ಕಕ್ಷಿಗಳೂ ಯಥಾಸ್ಥಿತಿ ಕಾಪಾಡಬೇಕು ಅಂತ ಹಾಕೋಣ. ತಡೆ ಅಂದ್ರೆ ಸಾಹೇಬರು ಹತ್ತು ಪ್ರಶ್ನೆ ಕೇಳ್ತಾರೆ. ಯಥಾಸ್ಥಿತಿ ಅಂದ್ರೆ ಕೊಡೋರಿಗೂ ಸುಲಭ."

"ಹಾಕಿ, ಅದೇ ಒಳ್ಳೇದು. ನನಗೂ ತಲೆ ಓಡ್ತಿಲ್ಲ," ಎಂದಳು.

ಅವನು ಹಾಕಿದ. ಆ ಪದದ ಮೇಲೆ ಅವನಿಗೆ ಅಷ್ಟು ನಂಬಿಕೆ. ಅಷ್ಟು ವರ್ಷದ ಟೆಂಡರ್ ಕೇಸುಗಳಲ್ಲಿ ಹಳೇ ಗುತ್ತಿಗೆದಾರ ಅವಧಿ ಮುಗಿಯಿತೆಂದು ತಾನಾಗಿ ಎದ್ದು ಹೋದದ್ದನ್ನು ಅವನು ಒಂದೇ ಒಂದು ಸಲವೂ ಕಂಡಿರಲಿಲ್ಲ. ಪಾರ್ಕಿಂಗಿನವನಿರಲಿ, ಕ್ಯಾಂಟೀನಿನವನಿರಲಿ, ಕಸ ಎತ್ತುವವನಿರಲಿ, ಯಥಾಸ್ಥಿತಿ ಎಂದ ಕೂಡಲೇ ಹಳಬ ಕುರ್ಚಿಗೆ ಮೊಳೆ ಹೊಡೆದುಕೊಂಡು ಕೂರುತ್ತಾನೆ. ಎಷ್ಟೋ ಕೇಸುಗಳಲ್ಲಿ ಹಳಬರೇ ಬಂದು ಈ ಪದಕ್ಕಾಗಿ ಕಾಲು ಹಿಡಿದಿದ್ದರು. ಈ ಪದ ಬಿದ್ದರೆ ರೂಮು ನಡೆಯುತ್ತಲೇ ಇರುತ್ತದೆ, ಹೆಂಡತಿಯ ಸರದಿಗೆ ಏನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿ ಮನೆಗೆ ಹೋದ. ಆ ರಾತ್ರಿ ಗೊರಕೆ ಹೊಡೆದು ಮಲಗಿದ.

ಗುರುವಾರ ಬೆಳಿಗ್ಗೆ ಆಕ್ಷೇಪಣೆ ಮೇಷ್ಟ್ರು ಚಹಾ ಮುಗಿಸಿ ಲೋಟ ಕೆಳಗಿಡುವುದಕ್ಕೂ ಅರ್ಜೆಂಟಣ್ಣ ಅರ್ಜಿ ಮುಂದಿಡುವುದಕ್ಕೂ ಸರಿಹೋಯಿತು.

"ಏನಪ್ಪಾ, ಇವತ್ತು ಯಾರ ಮನೆಗೆ ಬೆಂಕಿ ಬಿದ್ದಿದೆ?" ಎಂದರು ಮೇಷ್ಟ್ರು.

"ಆಸ್ಪತ್ರೆ ಕೇಸು ಸ್ವಾಮಿ. ಮಧ್ಯಾಹ್ನದ ಮೇಲಾದ್ರೆ ಏನೂ ಉಳಿಯಲ್ಲ."

"ನಿಂದು ಯಾವತ್ತು ಉಳಿದಿದೆ ಹೇಳು. ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ," ಎನ್ನುತ್ತಲೇ ಮೇಷ್ಟ್ರು ಒಂದು ಪುಟದಲ್ಲಿ ಅಂಚು ಅಳೆದರು, ಇನ್ನೊಂದರಲ್ಲಿ ಸಹಿ ಹುಡುಕಿದರು, ಆಮೇಲೆ ನಂಬರು ಹಾಕಿ ಕೊಟ್ಟರು.

ಲಾಯರಮ್ಮ ನ್ಯಾಯಾಧೀಶರ ಮುಂದೆ ಎದ್ದು ನಿಂತಳು. ಎದುರಿನ ಸರ್ಕಾರಿ ವಕೀಲರಿಗೆ ಕಾಗದ ಆಗಷ್ಟೇ ಕೈಗೆ ಸಿಕ್ಕಿತ್ತು, ಓದಿ ನೋಡಲು ಕಾಲಾವಕಾಶ ಕೇಳಿದರು. ನ್ಯಾಯಾಧೀಶರು ಹಾಳೆ ತಿರುವಿದರು. ಅವರ ಮುಖದಲ್ಲೂ ದಣಿವೇ ಇತ್ತು, ಪಕ್ಕದಲ್ಲಿ ಕಡತಗಳ ರಾಶಿ. "ಮುಂದಿನ ವಿಚಾರಣೆವರೆಗೆ ಎಲ್ಲ ಕಕ್ಷಿಗಳೂ ಇಂದು ಇರುವಂತೆ ಯಥಾಸ್ಥಿತಿ ಕಾಪಾಡತಕ್ಕದ್ದು" ಎಂದು ಬರೆಸಿ ಮುಂದಿನ ಕಡತಕ್ಕೆ ಕೈ ಹಾಕಿದರು. ಒಂದು ಸೀನು ಬಂದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊರಗೆ ಗುಂಡಣ್ಣ ಇವನ ಎರಡೂ ಕೈ ಹಿಡಿದುಕೊಂಡು ಕುಲುಕಿದ. ಇವನಿಗೂ ಒಳಗೊಳಗೇ ಹೆಮ್ಮೆಯಾಯಿತು. ಕಕ್ಷಿದಾರನಿಗೂ ಸೈ, ಹೆಂಡತಿಗೂ ಸೈ ಎಂದುಕೊಂಡ.

ಮಧ್ಯಾಹ್ನ ಹೆಂಡತಿಯ ಸರದಿ. ಅವಳು ಮನೆಯಿಂದ ಬರುವವಳು, ಇವನು ಕೋರ್ಟಿನಿಂದ ಸೀದಾ ಆಸ್ಪತ್ರೆಗೆ ಹೋದ. ಡಯಾಲಿಸಿಸ್ ರೂಮಿನ ಬಾಗಿಲಿಗೆ ಬೀಗ. ಹೊರಗಿನ ಬೆಂಚಿನಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ಡ್ರೈವರಣ್ಣ, ಆಚೆ ಇನ್ನೂ ನಾಲ್ಕಾರು ಮಂದಿ. ಡ್ರೈವರಣ್ಣ ಜ್ವರ ಬಂದು ಹಿಂದಿನ ಸರದಿ ತಪ್ಪಿಸಿಕೊಂಡಿದ್ದ, ಅದಕ್ಕೆ ಆ ದಿನ ಬೆಳಗಿನ ಸರದಿಗೇ ಬರಹೇಳಿದ್ದರು. ಬೆಳಗಿನಿಂದ ಅಲ್ಲೇ ಕೂತಿದ್ದ. ಪಾದ ಊದಿ ಚಪ್ಪಲಿಯೊಳಗೆ ಹೋಗದೆ ಬರಿಗಾಲನ್ನು ನೆಲದ ಮೇಲೆ ಇಟ್ಟುಕೊಂಡಿದ್ದ.

"ಏನಾಯ್ತು ಸಿಸ್ಟರ್?" ಎಂದು ಬಾಗಿಲ ಬಳಿ ನಿಂತಿದ್ದ ಆಸ್ಪತ್ರೆಯ ನರ್ಸನ್ನು ಕೇಳಿದ. ಸಿಸ್ಟರ್ ಕಾರಿಡಾರಿನ ಕೊನೆಯ ಕೋಣೆ ತೋರಿಸಿದಳು. ಅಲ್ಲಿ ಆಸ್ಪತ್ರೆಯ ಮೇಲಧಿಕಾರಿ ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ಹಳೇ ಕಂಪನಿ ನಿನ್ನೆ ಸಂಜೆ ಬೀಗದ ಕೈ ಕೊಟ್ಟು ಹೊರಟುಹೋಯ್ತು," ಎಂದರು ಅವರು. "ಅವರಿಗೆ ಈ ಕೆಲಸ ಸಾಕಾಗಿತ್ತು, ಟೆಂಡರ್‌ಗೂ ಹಾಕಿರಲಿಲ್ಲ. ಇವತ್ತು ಮಧ್ಯಾಹ್ನ ಹೊಸಬರು ಬಂದು ತೆಗೀಬೇಕಿತ್ತು. ಅಷ್ಟರಲ್ಲಿ ಕೋರ್ಟಿಂದ ಫೋನು. ಇವತ್ತು ಹೇಗಿದೆಯೋ ಹಾಗೇ ಇರಬೇಕಂತೆ. ಇವತ್ತು ಇರೋದು ಬೀಗ. ನಾನು ಬೀಗಾನೇ ಕಾಪಾಡಬೇಕು."

"ನಿಮ್ಮ ಸಿಸ್ಟರ್‌ಗಳನ್ನೇ ಹಾಕಿ ನಡೆಸಬಹುದಲ್ವಾ ಸರ್?" ಎಂದ ಅವನು.

"ಬರೀ ಕಾರ್ಯಾದೇಶಕ್ಕೆ ತಡೆ ಕೊಟ್ಟಿದ್ರೆ ಅದನ್ನೇ ಮಾಡ್ತಿದ್ದೆ. ಆಗಲೇ ಇಬ್ಬರನ್ನ ಗೊತ್ತು ಮಾಡಿಟ್ಟಿದ್ದೆ. ಈಗ ಬಾಗಿಲು ಮುಟ್ಟಿದ್ರೆ ನ್ಯಾಯಾಂಗ ನಿಂದನೆ ಅಂತಾರೆ ನಮ್ಮ ವಕೀಲರು. ಯಥಾಸ್ಥಿತಿಯಂತೆ ಯಥಾಸ್ಥಿತಿ. ಯಾವ ಪುಣ್ಯಾತ್ಮ ಬರೆದನೋ."

ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದಂತಾಗಿತ್ತು. ಅರ್ಜೆಂಟಣ್ಣ ಹೊರಗೆ ಬಂದ. ಬೆಂಚಿನ ಬಳಿ ಹೋಗದೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಲಾಯರಮ್ಮನಿಗೆ ಫೋನು ಮಾಡಿದ. ಮೊದಲಿನಿಂದ ಕೊನೆವರೆಗೆ ಎಲ್ಲ ಹೇಳಿದ.

"ನಿನ್ನೆ ಯಾಕೆ ಹೇಳಲಿಲ್ಲ ಅಣ್ಣ?"

"ತಪ್ಪಾಯ್ತು ಮೇಡಂ. ಈಗ ಏನಾದ್ರೂ ಮಾಡಿ. ಆದೇಶ ಸ್ವಲ್ಪ ಬದಲಾಯಿಸಿ ಅಂತ ಒಂದು ಅರ್ಜಿ ಹಾಕೋಣ. ಸಂಜೆಯೊಳಗೆ ನಂಬರು ಹಾಕಿಸ್ತೀನಿ."

"ಯಾರ ಪರವಾಗಿ ಹಾಕೋಣ? ಬಾಗಿಲು ಮುಚ್ಚಿದೆ ಅಂತ ಆಸ್ಪತ್ರೆಯವರು ನನಗೆ ಆಗಲೇ ಫೋನ್ ಮಾಡಿದ್ರು, ನಮ್ಮ ಕಕ್ಷಿದಾರನ್ನೂ ಕೇಳಿ ನೋಡಿದೆ. ಅವನು ಒಪ್ಪಲ್ಲ. ಬಂದ ಆದೇಶ ಯಾಕೆ ಕಳ್ಕೊಳ್ಳಲಿ ಅಂತಾನೆ. ಅವನು ಒಪ್ಪದೆ ಅವನ ವಿರುದ್ಧವೇ ನಾನು ನಿಲ್ಲೋ ಹಾಗಿಲ್ಲ. ಆಸ್ಪತ್ರೆಯವರೇ ಬರಬೇಕು, ಅವರ ವಕೀಲರಿಗೆ ಇಲಾಖೆಯಿಂದ ಅನುಮತಿ ಬರಬೇಕು. ನಾಳೆಯಿಂದ ಮೂರು ದಿನ ಕೋರ್ಟಿಗೆ ರಜೆ ಬೇರೆ."

ಊರಿನ ಅರ್ಜಿಗಳನ್ನೆಲ್ಲ ಊಟದ ಹೊತ್ತಿಗೆ ಮುಂದೆ ತರುತ್ತಿದ್ದವನ ಕೈಯಲ್ಲಿ ಆಗ ಒಂದು ಅರ್ಜಿಯೂ ಇರಲಿಲ್ಲ. ಅವನು ಆ ಕೇಸಿನಲ್ಲಿ ಕಕ್ಷಿಯೇ ಅಲ್ಲ. ಅವನ ಹೆಂಡತಿಯ ಹೆಸರು ಆ ಕಾಗದಗಳಲ್ಲಿ ಎಲ್ಲೂ ಇಲ್ಲ, ಡ್ರೈವರಣ್ಣನದೂ ಇಲ್ಲ. ತನ್ನ ಮೇಲೆ ತನಗೇ ಅಸಹ್ಯವಾಗಿ ಮೆಟ್ಟಿಲ ಮೇಲೆ ಕೂತುಬಿಟ್ಟ.

ವಾಪಸು ಬೆಂಚಿನ ಬಳಿಗೆ ಬಂದಾಗ ಡ್ರೈವರಣ್ಣ ತಲೆಯೆತ್ತಿದ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ.

"ಬನ್ನಿ ಸ್ವಾಮಿ. ನೀವು ಕೋರ್ಟಿನೋರು. ನಿಮಗೆ ಗೊತ್ತಿರತ್ತೆ. ಕೋಣ ಕೋಣ ಗುದ್ದಾಡಿದ್ರೆ ಗಿಡಕ್ಕೆ ಯಾಕೆ ಸಾವು ಹೇಳಿ. ಏನಾದ್ರೂ ಮಾಡಿ."

"ಮಾಡ್ತೀನಿ. ಸೋಮವಾರ ಹೇಗಾದ್ರೂ ಬಾಗಿಲು ತೆಗೆಸ್ತೀನಿ," ಎಂದ ಅರ್ಜೆಂಟಣ್ಣ.

ಅಷ್ಟರಲ್ಲಿ ಸಿಸ್ಟರ್ ಫೋನನ್ನು ಕಿವಿಯಿಂದ ತೆಗೆಯದೆಯೇ ಬಾಗಿಲಲ್ಲಿ ಕಾಣಿಸಿಕೊಂಡಳು. ಮಧ್ಯಾಹ್ನದಿಂದ ಅವಳು ಪಕ್ಕದ ಊರುಗಳ ಆಸ್ಪತ್ರೆಗಳಿಗೆಲ್ಲ ಫೋನು ಹಚ್ಚುತ್ತಿದ್ದಳು.

"ಒಂದು ಕಡೆ ಸಿಕ್ಕಿದೆ. ಬಸ್ಸಲ್ಲಿ ಅರ್ಧ ದಿನದ ದಾರಿ. ನಾಳೆ ಬೆಳಿಗ್ಗೆ, ಒಬ್ಬರಿಗೆ ಮಾತ್ರ. ಯಾರು..."

"ನಮ್ಮದು ಬರ್ಕೊಳ್ಳಿ ಸಿಸ್ಟರ್," ಎಂದುಬಿಟ್ಟ ಅರ್ಜೆಂಟಣ್ಣ.

ಅವಳ ಮಾತು ಮುಗಿದಿರಲಿಲ್ಲ. ಬೆಂಚಿನಲ್ಲಿದ್ದ ಬೇರೆ ಯಾರೂ ಬಾಯಿ ತೆರೆದಿರಲಿಲ್ಲ. ಜನ್ಮವೆಲ್ಲ ಸಾಲಿನಲ್ಲಿ ಮುಂದೆ ನುಗ್ಗಿ ಬದುಕಿದ ಮನುಷ್ಯ, ಅವನ ನಾಲಿಗೆ ಅವನಿಗಿಂತ ಮೊದಲು ಎದ್ದಿತ್ತು. ಸಿಸ್ಟರ್ ಒಮ್ಮೆ ಡ್ರೈವರಣ್ಣನ ಕಾಲು ನೋಡಿದಳು, ಒಮ್ಮೆ ಇವನ ಮುಖ ನೋಡಿದಳು. ಹೆಂಡತಿ "ರೀ" ಎಂದು ಮೆಲ್ಲಗೆ ಅಂದಳು, ಅಷ್ಟೆ.

"ಬರ್ಕೊಳ್ಳಿ ಸಿಸ್ಟರ್, ಅಕ್ಕಂಗೇ ಆಗಲಿ," ಎಂದ ಡ್ರೈವರಣ್ಣ. "ನಂದು ದೊಡ್ಡ ಗಾಡಿ. ಸ್ವಲ್ಪ ದೂರ ತಳ್ಕೊಂಡು ಹೋಗುತ್ತೆ."

ಅವರು ಆ ಸಂಜೆಯೇ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಹೆಂಡತಿ, ಈಚೆ ಅವನು, ಕಾಲ ಬುಡದಲ್ಲಿ ಬಟ್ಟೆಯ ಚೀಲ. ಅವಳ ಮುಖ ಆಗಲೇ ಊದಿತ್ತು. ತುಂಬಾ ಹೊತ್ತು ಹೊರಗೆ ನೋಡುತ್ತಿದ್ದವಳು ಕೇಳಿದಳು.

"ಯಾವ ಮನೆಹಾಳ ರೀ ಈ ಕೇಸು ಹಾಕಿದ್ದು?"

ಸುಳ್ಳು ಹೇಳಬಹುದಿತ್ತು. ಅದಕ್ಕೂ ಶಕ್ತಿ ಬೇಕು, ಅದು ಅವನಲ್ಲಿ ಉಳಿದಿರಲಿಲ್ಲ.

"ನಮ್ಮ ಕಚೇರಿಯಿಂದಲೇ ಹೋಗಿದ್ದು ಕಣೇ. ಬಾಗಿಲು ಮುಚ್ಚಿಸಿದ ಆ ಮಾತಿದೆಯಲ್ಲ, ಅದನ್ನ ಹಾಕಿಸಿದ್ದೂ ನಾನೇ. ನಿನಗೆ ತೊಂದ್ರೆ ಆಗಬಾರದು ಅಂತ ಹಾಕಿಸಿದ್ದು. ರೂಮು ನಡೀತಾನೇ ಇರಲಿ ಅಂತ."

ಎರಡು ನಿಲ್ದಾಣ ಹೋಯಿತು, ಕಂಡಕ್ಟರ್ ಬಂದು ಚೀಟಿ ಹರಿದು ಕೊಟ್ಟು ಹೋದ.

"ಹಾಗಾದ್ರೆ ಕೇಸು ಗೆದ್ರಿ ಅನ್ನಿ," ಎಂದಳು ಆಮೇಲೆ.

"ಹ್ಞೂ. ಗೆದ್ವಿ."

ಬೆಳಿಗ್ಗೆ ಆ ಊರಿನ ಆಸ್ಪತ್ರೆಯಲ್ಲಿ ಅವಳನ್ನು ಮಿಷನ್ನಿಗೆ ಹಾಕಿದರು. ಅವನು ಗೋಡೆಯ ಪಕ್ಕದ ಸ್ಟೂಲಿನಲ್ಲಿ ಕೂತು ಕೆಂಪು ಕೊಳವೆಗಳನ್ನು ನೋಡುತ್ತಿದ್ದ. ನೀರು ಇಳಿದಂತೆ ಅವಳ ಮುಖದ ಊತ ಇಳಿಯಿತು, ಕಣ್ಣು ಮೊದಲಿನಂತಾಯಿತು. ಆಗ ಅವನಿಗೆ ಮೊದಲ ಸಲ ಅಳು ಬಂತು. ಮುಖ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಅತ್ತು ಬಂದ. ಬದುಕಿಕೊಂಡಳು, ಇನ್ನು ಸೋಮವಾರದವರೆಗೆ ಚಿಂತೆಯಿಲ್ಲ. ಸೋಮವಾರ ಆಸ್ಪತ್ರೆಯ ವಕೀಲರ ಜೊತೆ ತಾನೇ ನಿಂತು, ಸಾಲು ಹಾರಿಸಿ, ಮೇಷ್ಟ್ರ ಚಹಾಕ್ಕೂ ಕಾಯದೆ ಆದೇಶ ಬದಲು ಮಾಡಿಸುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿಕೊಂಡ.

ಮಧ್ಯಾಹ್ನದ ಮೇಲೆ ಮತ್ತೆ ಬಸ್ಸು. ಹೆಂಡತಿ ಸುಸ್ತಾಗಿ ಅವನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಅರ್ಧ ದಾರಿಯಲ್ಲಿ ಅವಳ ಫೋನು ಬಡಿದುಕೊಂಡಿತು. ಅವಳೇ ತೆಗೆದಳು. ಅತ್ತ ಸಿಸ್ಟರ್ ಮಾತನಾಡುತ್ತಿರುವುದು ಅವನಿಗೂ ಗುಸುಗುಸು ಕೇಳಿಸಿತು. ಅವಳು "ಹ್ಞೂ" ಎಂದಳು, ಮತ್ತೆ "ಹ್ಞೂ" ಎಂದಳು, ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಡ್ರೈವರಣ್ಣ ಹೋದ್ರಂತೆ."

ಅವನ ಮುಖ ಅರಳಿತು. "ಎಲ್ಲಿಗೆ? ಯಾವ ಆಸ್ಪತ್ರೆಯಲ್ಲಿ ಜಾಗ ಸಿಕ್ತಂತೆ?"

ಅವಳು ಅವನ ಭುಜದಿಂದ ತಲೆ ಎತ್ತಿದಳು. ನೆಟ್ಟಗೆ ಕೂತು, ತಿರುಗಿ, ಅವನ ಮುಖವನ್ನೇ ನೋಡಿದಳು. ನೋಡುತ್ತಾ ಇದ್ದ ಹಾಗೆ ಅವನಿಗೆ ಅರ್ಥವಾಯಿತು.

"ನಮಗೆ ಸಿಕ್ಕಿದ್ದು ಅವರ ಜಾಗ ಕಣ್ರೀ," ಎಂದಳು.

ಆಮೇಲೆ ಅವಳು ಊರು ಬರುವವರೆಗೂ ಅವನಿಗೆ ಒರಗಲಿಲ್ಲ.